ಮುಖದ ಬಣ್ಣ, ಮೈಯ ಬಣ್ಣ

(ಖಡಕಿಯ ಕನ್ನಡಿಗರ ಕೂಟವೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಬಣ್ಣ ಹೋಲಿಸಿ ನೋಡುವುದು ನನ್ನ ಉದ್ಯೋಗದ ಒಂದು ಭಾಗ. ಕೇಂದ್ರ ಸರಕಾರಕ್ಕೆ ಪೂರೈಕೆಯಾಗುವ ಸಾಮಾನುಗಳ ಬಣ್ಣವನ್ನು ಐ.ಎಸ್. 5 ಎಂಬ ಭಾರತೀಯ ಮಾನಕದ ಪಟ್ಟಿಯೊಡನೆ ಹಿಡಿದು ನೋಡಿ ಒಪ್ಪುವುದು, ಇಲ್ಲವೆ ಮರಳಿ ಕಳಿಸುವುದು. ಅಲ್ಲಿ 537 ಎಂದರೆ ಸಿಗ್ನಲ್ ಕೆಂಪು, 631 ಎಂದರೆ ತಿಳಿ ಬೂದು. ಟ್ಯೂಬ್‌ಲೈಟಿನ ಕೆಳಗೆ ಹೊಂದಿದ್ದು ಬಿಸಿಲಿನಲ್ಲಿ ಹೊಂದದೆ ಹೋಗುವುದುಂಟು. ಲಕ್ಷ್ಮೀ ರಸ್ತೆಯಲ್ಲಿ ಸೀರೆಗೆ ರವಿಕೆಯ ಖಣ ಆರಿಸುವ ತಾಯಂದಿರು ಎರಡನ್ನೂ ಅಂಗಡಿಯ ಬಾಗಿಲಿಗೆ ತಂದು ನೋಡುತ್ತಾರಲ್ಲ, ನನ್ನ ವಿದ್ಯೆಯೂ ಅದಕ್ಕಿಂತ ಬಹಳ ಹೆಚ್ಚಿನದೇನಲ್ಲ.

ಈ ವಿದ್ಯೆಗೆ ಇತ್ತೀಚೆಗೆ ಮನೆಯಲ್ಲಿಯೇ ಪರೀಕ್ಷೆ ಬಂದಿತು. 2003ರಲ್ಲಿ ಅಮೆರಿಕದ ಲಿಂಡನ್ ಲ್ಯಾಬ್ ಆರಂಭಿಸಿದ ‘ಸೆಕೆಂಡ್ ಲೈಫ್’ ಎಂಬ ಗಣಕಲೋಕವಿದೆ. ಅಲ್ಲಿ ಓಡಾಡಲು ಪ್ರತಿಯೊಬ್ಬರೂ ಒಂದು ದೇಹ ಧರಿಸಬೇಕು. ಅದಕ್ಕೆ ಅವತಾರವೆಂದೇ ಹೆಸರು. ಪದ ನಮ್ಮದು, ಆದರೆ ನಮ್ಮ ದಶಾವತಾರದ ರಾಮ ಕೃಷ್ಣರಿಬ್ಬರೂ ಶ್ಯಾಮವರ್ಣದವರೆಂಬುದು ಆ ಲೋಕಕ್ಕೆ ತಿಳಿದಂತಿಲ್ಲ. ಅಲ್ಲಿ ತಲೆಯನ್ನು ಒಬ್ಬರಿಂದ, ಮೈಯನ್ನು ಇನ್ನೊಬ್ಬರಿಂದ ಕೊಳ್ಳುವ ರೂಢಿ. ನನ್ನ ಮಗಳು ಹಾಗೆಯೇ ಕೊಂಡು ಜೋಡಿಸಿ ನನ್ನನ್ನು ಕರೆದಳು. “ಅಪ್ಪಾ, ಇದರ ಕುತ್ತಿಗಿ ನೋಡ್ರಿ, ಬ್ಯಾರೆಯವರ ತಲಿ ತಂದು ಇಟ್ಟಾಂಗ ಕಾಣತದ.” ನಿಜ. ನಮ್ಮ ರಾಜ್ಯೋತ್ಸವದ ನಾಟಕಗಳಲ್ಲಿ ಮುಖಕ್ಕೆ ಬಣ್ಣ ಬಳಿದು ಕತ್ತನ್ನು ಮರೆತ ನಟನಂತೆ ಒಂದು ಗೆರೆ ಎದ್ದು ಕಾಣುತ್ತಿತ್ತು.

ಬಣ್ಣವನ್ನು ಅಲ್ಲಿ ಕೆಂಪು, ಹಸಿರು, ನೀಲಿ ಎಂಬ ಮೂರು ಸಂಖ್ಯೆಗಳಿಂದ ಹೇಳುತ್ತಾರೆ. ಒಂದೊಂದೂ 0ಯಿಂದ 255ರವರೆಗೆ. ಎರಡು ಕಡೆಗೂ ಒಂದೇ ಸಂಖ್ಯೆ ಕೊಡು, ಮುಗಿಯಿತು ಎಂದೆ. ಕೊಟ್ಟಳು. ಗೆರೆ ಹೋಗಲಿಲ್ಲ. ಅಧಿಕಾರಿಗೆ ಅವಮಾನವಾಯಿತು, ಎರಡು ರಾತ್ರಿ ಕುಳಿತು ವಿಷಯವನ್ನು ಓದಿಕೊಂಡೆ.

ನಾವು ಕೊಡುವ ಸಂಖ್ಯೆ ಚರ್ಮದ ಬಣ್ಣವಲ್ಲ. ಚರ್ಮದ ಚಿತ್ರವೊಂದು ಅಡಿಯಲ್ಲಿ ಮೊದಲೇ ಇರುತ್ತದೆ. ನಮ್ಮ ಸಂಖ್ಯೆ ಅದನ್ನು ಗುಣಿಸುತ್ತದೆ. 255 ಕೊಟ್ಟರೆ ಚಿತ್ರ ಇದ್ದಂತೆ ಇರುತ್ತದೆ, ಕಡಿಮೆ ಕೊಟ್ಟರೆ ಕಪ್ಪಾಗುತ್ತದೆ. (128 ಎಂದರೆ ಅರ್ಧವೆಂದು ತಿಳಿಯಬೇಡಿ, ತೆರೆಯ ಮೇಲೆ ಅದು ಕೊಡುವ ಬೆಳಕು ಶೇಕಡಾ 22ರಷ್ಟು ಮಾತ್ರ.) ಹೀಗೆ ಗುಣಿಸಿ ಕಪ್ಪು ಮಾಡಬಹುದು, ಬೆಳ್ಳಗೆ ಮಾಡಲು ಬಾರದು. ಆದುದರಿಂದ ತಯಾರಕನಿಗೆ ಸುಲಭದ ದಾರಿಯೆಂದರೆ ಬಿಳಿಯ ಚರ್ಮವೊಂದನ್ನು ಬರೆದಿಟ್ಟು, ಕಪ್ಪು ಬೇಕೆಂದವರಿಗೆ ಅದನ್ನೇ ಮಂದಗೊಳಿಸಿ ಕೊಡುವುದು.

ಆದರೆ ಕಪ್ಪು ಚರ್ಮವೆಂದರೆ ನೆರಳಿನಲ್ಲಿ ನಿಂತ ಬಿಳಿ ಚರ್ಮವಲ್ಲ. ಮೇಲ್ಪದರದ ಮೆಲನಿನ್, ಅದರ ಕೆಳಗಿನ ರಕ್ತ, ಎರಡರ ಮೂಲಕವೂ ಬೆಳಕು ಒಳಹೊಕ್ಕು ಹೊರಬರುತ್ತದೆ. ಅಂಗೈ ತಿಳಿಯಾಗಿಯೇ ಉಳಿಯುತ್ತದೆ, ಕೆನ್ನೆಯ ಹೊಳಪು ಹೆಚ್ಚಾಗಿಯೇ ಕಾಣುತ್ತದೆ. ಗುಣಾಕಾರ ಇದನ್ನೊಂದನ್ನೂ ಅರಿಯದು. ಅಂಗೈ, ಉಗುರು, ತುಟಿ, ಚಿತ್ರದಲ್ಲೇ ಬರೆದ ಹೊಳಪು, ಎಲ್ಲವನ್ನೂ ಸಮನಾಗಿ ಮಂಕು ಮಾಡಿ ಬೂದಿ ಬಳಿದ ಮುಖವೊಂದನ್ನು ಕೊಡುತ್ತದೆ. ತಲೆಯ ಚಿತ್ರ ಒಬ್ಬರದು, ಮೈಯ ಚಿತ್ರ ಇನ್ನೊಬ್ಬರದು ಎಂದಾಗ ಒಂದೇ ಸಂಖ್ಯೆಗೆ ಎರಡು ಉತ್ತರ ಬರುವುದೂ ಸಹಜವೇ. 2019ರಲ್ಲಿ ಆ ಲೋಕದಲ್ಲಿ ಒಂದೇ ಚರ್ಮಚಿತ್ರವನ್ನು ತಲೆ ಮೈ ಎರಡಕ್ಕೂ ಹೊದಿಸುವ ವ್ಯವಸ್ಥೆ ಬಂದಿತು. ಅದನ್ನು ಬಳಸಿದ ಮೇಲೆ ನಮ್ಮ ಗೆರೆಯೂ ಮಾಯವಾಯಿತು. ಬೂದಿ ಉಳಿಯಿತು.

ಇದು ಒಬ್ಬ ತಯಾರಕನ ಸೋಮಾರಿತನವಷ್ಟೇ ಅಲ್ಲ. ಫಿಟ್ಜ್‌ಪ್ಯಾಟ್ರಿಕ್ ಎಂಬ ಅಮೆರಿಕದ ಚರ್ಮವೈದ್ಯರು 1975ರಲ್ಲಿ ಮಾಡಿದ ವರ್ಗೀಕರಣ ಮೊದಲು ಬಿಳಿಯರಿಗಾಗಿ, ಬಿಸಿಲಿಗೆ ಅವರ ಚರ್ಮ ಹೇಗೆ ಸುಡುತ್ತದೆಂಬುದನ್ನು ಅಳೆಯಲು. ನಾಲ್ಕು ವರ್ಗಗಳು ಅವರಿಗೆ. ಕಂದು ಮತ್ತು ಕಪ್ಪು ಎಂಬ ಎರಡನ್ನು ಅನಂತರ ಸೇರಿಸಲಾಯಿತು. 2015ರಲ್ಲಿ ಯೂನಿಕೋಡ್ ಸಂಸ್ಥೆ ಮೊಬೈಲಿನ ಮುಖಚಿತ್ರಗಳಿಗೆ ಐದು ಮೈಬಣ್ಣ ಕೊಟ್ಟಾಗ ಆಧಾರವಾದದ್ದು ಈ ಪಟ್ಟಿಯೇ. 2022ರಲ್ಲಿ ಗೂಗಲ್ ಪ್ರಕಟಿಸಿದ, ಸಮಾಜಶಾಸ್ತ್ರಜ್ಞ ಎಲಿಸ್ ಮಂಕ್ ಅವರ ಹತ್ತು ಬಣ್ಣಗಳ ಪಟ್ಟಿ ಇದಕ್ಕಿಂತ ಮೇಲು. ಎಣ್ಣೆಗಪ್ಪು, ಸಾದಗಪ್ಪು, ಗೋಧಿಬಣ್ಣ ಎಂದು ಬಿಡಿಸಿ ಹೇಳುವ ನಮ್ಮ ಭಾಷೆಗೆ ಅದೂ ಸಾಲದು.

ಆದರೆ ನಮ್ಮ ಭಾಷೆಯನ್ನು ಹೊಗಳುವ ಮುನ್ನ ಒಂದು ಮಾತು ಒಪ್ಪಿಕೊಳ್ಳಬೇಕು. ಬೂದಿಮುಖ ಬೇಡವಾಗಿ ಮಗಳು ಕೊನೆಗೆ ತನಗಿಂತ ಬೆಳ್ಳಗಿನ ದೇಹವೊಂದನ್ನು ಆರಿಸಿಕೊಂಡಳು. ನಿನ್ನ ಬಣ್ಣ ಇದಲ್ಲವಲ್ಲ ಎಂದೆ. ಅವಳು ಕಪಾಟಿನಿಂದ ಒಂದು ಹಾಳೆ ತಂದು ನನ್ನ ಮುಂದಿಟ್ಟಳು. ವರಾನ್ವೇಷಣೆಗಾಗಿ ನಾನೇ ಬರೆದ ಅವಳ ವಿವರ. ಮೈಬಣ್ಣವೆಂಬಲ್ಲಿ ‘ಗೋಧಿಬಣ್ಣ’ ಎಂದಿತ್ತು. ಮರಾಠಿ ಪ್ರತಿಯಲ್ಲಿ ‘ಗವ್ಹಾಳ’. ನನ್ನ ಮಗಳು ಎಣ್ಣೆಗಪ್ಪು, ನನ್ನ ತಾಯಿಯಂತೆ. ಅರ್ಧ ಛಾಯೆ ತಪ್ಪಿದರೂ ಸಾಮಾನು ಮರಳಿಸುವವನು ಇದಕ್ಕೆ ರುಜು ಹಾಕಿದ್ದೆ.

ಹಾಳೆಯನ್ನು ತಿದ್ದಲು ಪೆನ್ನು ತೆಗೆದೆ. “ಬಣ್ಣದ ಸಾಲನ್ನೇ ತೆಗೀರಿ ಅಪ್ಪಾ” ಎಂದಳು. ತೆಗೆದಿದ್ದೇನೆ. ಕಪ್ಪು ಚರ್ಮವನ್ನು ಮೊದಲಿನಿಂದಲೇ ಕಪ್ಪಾಗಿ ಬರೆಯುವ ಕಲಾವಿದರು ಆ ಲೋಕದಲ್ಲಿಯೂ ಇದ್ದಾರಂತೆ. ಅವಳೀಗ ಅವರನ್ನು ಹುಡುಕುತ್ತಿದ್ದಾಳೆ. ಮೊನ್ನೆ ಭಾನುವಾರ ಕಿಟಕಿಯ ಬೆಳಕಿನಲ್ಲಿ ಅವಳ ಕೈ ಹಿಡಿದು ನೋಡುವ ಕೆಲಸ ನನಗೆ ಬಿದ್ದಿತ್ತು. ಮೊಣಕೈಗೆ ಒಂದು ಸಂಖ್ಯೆ ಬಂದಿತು, ಮುಂಗೈಗೆ ಇನ್ನೊಂದು.