ಕುಣಿಗಲ್ಲಿನ ಮೇಲೆ ಮೋಡ ಎದ್ದಾಗ



ಈ ಹೊತ್ತು ನಿಮ್ಮನ್ನು ಒಂದು ಪುಟ್ಟ ವಿಮಾನದಲ್ಲಿ ಕೂರಿಸಿ ತುಮಕೂರು, ಗುಬ್ಬಿ, ಕುಣಿಗಲ್ ಕಡೆಗೆ ಒಂದು ಸುತ್ತು ಕರೆದೊಯ್ಯಬೇಕೆಂದಿದ್ದೇನೆ. ಪ್ರಯಾಣ ಕಲ್ಪನೆಯದು. ಆದರೆ ದಾರಿಯಲ್ಲಿ ಎದುರಾಗುವ ಗಾಳಿ, ಮೋಡ, ಬೆಟ್ಟಗಳು ಕಲ್ಪನೆಯವಲ್ಲ.

ಮೇ ತಿಂಗಳ ಒಂದು ಮಧ್ಯಾಹ್ನ. ಬೆಂಗಳೂರಿನ ಜಕ್ಕೂರಿನಿಂದ ಹೊರಡುತ್ತೇವೆ. ನಮ್ಮದು ಇಬ್ಬರೇ ಕೂರಬಹುದಾದ, ಒಂದೇ ಎಂಜಿನ್ನಿನ ವಿಮಾನ. ಜಕ್ಕೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ, ಸಾಲದ್ದಕ್ಕೆ ಬಿಸಿಲು. ಕಾದ ಗಾಳಿ ತೆಳುವಾಗಿರುತ್ತದೆ, ರೆಕ್ಕೆಗಳಿಗೆ ಅದರ ಆಸರೆ ಕಡಿಮೆ. ಬೆಳಗಿನ ತಂಪಿನಲ್ಲಿ ಬೇಗನೆ ಮೇಲೇಳುತ್ತಿದ್ದ ಅದೇ ವಿಮಾನ ಈಗ ರನ್‌ವೇಯ ಮೇಲೆ ಇನ್ನಷ್ಟು ದೂರ ಓಡುತ್ತದೆ. ಅಂತೂ ಎದ್ದೆವು. ಗಂಟೆಗೆ 180 ಕಿಲೋಮೀಟರ್ ವೇಗವೆಂದರೆ ತುಮಕೂರಿಗೆ ಸುಮಾರು 20 ನಿಮಿಷದ ಹಾದಿ.

ಎಡಕ್ಕೆ ಶಿವಗಂಗೆ, ಬಲಕ್ಕೆ ದೇವರಾಯನದುರ್ಗ. ಇದ್ದಕ್ಕಿದ್ದಂತೆ ವಿಮಾನ ಕುಲುಕತೊಡಗುತ್ತದೆ. ಹೆದರಬೇಡಿ, ಇದು ಬಂಡೆಗಳ ಕೆಲಸ. ಬೆಳಗಿನಿಂದ ಕಾದ ಕಲ್ಲುಬೆಟ್ಟದ ಮೇಲಿನ ಗಾಳಿ ಬಿಸಿಯಾಗಿ ಮೇಲೇಳುತ್ತದೆ. ಪಕ್ಕದ ಕೆರೆ, ತೋಟಗಳ ಮೇಲೆ ಗಾಳಿ ತಂಪಾಗಿ ಕೆಳಗಿಳಿಯುತ್ತದೆ. ಬೆಟ್ಟದ ಮೇಲೆ ಯಾರೋ ಎತ್ತಿದಂತೆ, ಕೆರೆಯ ಮೇಲೆ ಯಾರೋ ಕೈಬಿಟ್ಟಂತೆ ಆಗುವುದು ಅದರಿಂದಲೇ. ರೆಕ್ಕೆ ಬಡಿಯದೆ ಹದ್ದು ಸುತ್ತು ಹೊಡೆಯುತ್ತ ಮೇಲೇರುವುದನ್ನು ನೀವು ಶಾಲೆಯ ಮೈದಾನದಿಂದ ನೋಡಿದ್ದೀರಲ್ಲ, ಅದಕ್ಕೆ ಮೆಟ್ಟಿಲಾಗುವುದೂ ಈ ಬಿಸಿಗಾಳಿಯೇ. ಪೈಲಟ್ ಈಗ ಮಾಡುವ ಮೊದಲ ಕೆಲಸ ವೇಗ ತಗ್ಗಿಸುವುದು. ಹಳ್ಳಕೊಳ್ಳದ ರಸ್ತೆಯಲ್ಲಿ ನಮ್ಮ ಬಸ್ಸಿನ ಡ್ರೈವರ್ ಮಾಡುವುದೂ ಅದನ್ನೇ. ವೇಗವಾಗಿ ಹೋಗಿ ಬಿರುಗಾಳಿಗೆ ಡಿಕ್ಕಿ ಹೊಡೆದರೆ ರೆಕ್ಕೆಗಳಿಗೇ ಪೆಟ್ಟು. ನೂರಿನ್ನೂರು ಅಡಿ ಏರಿಳಿದರೆ ಇಳಿಯಲಿ ಎಂದು ಬಿಟ್ಟು, ವಿಮಾನವನ್ನು ಸಮವಾಗಿ ಹಿಡಿದರೆ ಸಾಕು.

ತುಮಕೂರು ದಾಟಿದೊಡನೆ ಪಕ್ಕದಲ್ಲಿ ಕುಳಿತ ಶಿಕ್ಷಕರು ಒಂದು ಪ್ರಶ್ನೆ ಹಾಕುತ್ತಾರೆ: “ಈಗ ಎಂಜಿನ್ ನಿಂತರೆ ಎಲ್ಲಿ ಇಳಿಯುತ್ತೀಯಪ್ಪ?” ಹಾರಾಟ ಕಲಿಯುವವರೆಲ್ಲ ಈ ಪ್ರಶ್ನೆಗೆ ಮತ್ತೆ ಮತ್ತೆ ಉತ್ತರ ಹೇಳಬೇಕು. ಕೆಳಗೆ ನೋಡಿದರೆ ತೆಂಗು, ಅಡಿಕೆ, ಮತ್ತೆ ತೆಂಗು. ಕಲ್ಪತರು ನಾಡು ನಮ್ಮ ಹೊಟ್ಟೆಗೆ ಒಳ್ಳೆಯದೇ ಹೊರತು ವಿಮಾನದ ಹೊಟ್ಟೆಗಲ್ಲ! ಬಿತ್ತನೆಗೆ ಕಾದಿರುವ ಬಯಲು ಹೊಲವನ್ನೋ ಒಣಗಿದ ಕೆರೆಯಂಗಳವನ್ನೋ ಕಣ್ಣಲ್ಲೇ ಗುರುತು ಹಾಕಿಕೊಳ್ಳಬೇಕು.

ಇನ್ನು ಐದಾರು ನಿಮಿಷಕ್ಕೆ ಗುಬ್ಬಿ. ಹಕ್ಕಿಯ ಹೆಸರು ಹೊತ್ತ ಈ ಊರಿನ ತಾಲ್ಲೂಕಿನಲ್ಲೇ ಈಗ ಹೆಲಿಕಾಪ್ಟರ್ ಕಾರ್ಖಾನೆ ಇರುವುದು ಕಾಕತಾಳೀಯವಾದರೂ ಖುಷಿ ಕೊಡುವ ಸಂಗತಿ. ಬಿದರೆಹಳ್ಳ ಕಾವಲಿನ 615 ಎಕರೆ ಜಾಗದಲ್ಲಿ ಎಚ್‌ಎಎಲ್ ಸಂಸ್ಥೆಯ ಈ ಕಾರ್ಖಾನೆಗೆ 2016ರ ಜನವರಿಯಲ್ಲಿ ಅಡಿಗಲ್ಲು ಬಿತ್ತು. 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಇಲ್ಲಿ ತಯಾರಿಸಲೆಂದು ಮೊದಲು ಆರಿಸಿಕೊಂಡದ್ದು ಒಂದೇ ಎಂಜಿನ್ನಿನ ಹಗುರ ಹೆಲಿಕಾಪ್ಟರ್. ಅದರ ಮಾದರಿಯನ್ನು 2020ರಲ್ಲಿ ಹಿಮಾಲಯದಲ್ಲಿ, ಲೇಹ್‌ನಿಂದಾಚೆ 5,000 ಮೀಟರಿಗೂ ಹೆಚ್ಚು ಎತ್ತರದ ನೆಲೆಗಳಲ್ಲಿ ಹಾರಿಸಿ ಪರೀಕ್ಷಿಸಿದರು. ಜಕ್ಕೂರಿನಲ್ಲಿ ನಮ್ಮನ್ನು ಸ್ವಲ್ಪವೇ ಕಾಡಿದ ತೆಳುಗಾಳಿ ಅಲ್ಲಿ ಪೈಲಟ್ಟಿನ ಪ್ರಾಣಕ್ಕೇ ಪರೀಕ್ಷೆ.

ನಮ್ಮ ಯೋಜನೆಯಂತೆ ಇಲ್ಲಿಂದ ದಕ್ಷಿಣಕ್ಕೆ ತಿರುಗಿ, ಕುಣಿಗಲ್ಲಿನ ಕೆರೆಯನ್ನೂ ಹೆಸರಾಂತ ಕುದುರೆ ಫಾರಂ ಅನ್ನೂ ಮೇಲಿನಿಂದ ನೋಡಿ ಜಕ್ಕೂರಿಗೆ ಮರಳಬೇಕು. ಆದರೆ ದಕ್ಷಿಣ ದಿಕ್ಕಿಗೆ ಕಣ್ಣು ಹಾಯಿಸಿ. ಹೊರಡುವಾಗ ಹೂಕೋಸಿನಂತೆ ಕಂಡಿದ್ದ ಮೋಡ ಈಗ ಗೋಪುರವಾಗಿ ನಿಂತಿದೆ. ಅದರ ತಲೆ ಕಮ್ಮಾರನ ಅಡಿಗಲ್ಲಿನಂತೆ ಚಪ್ಪಟೆ, ಬುಡ ಕಪ್ಪು. ಇದು ಗುಡುಗುಮೋಡ. ಒಳಗೆ ಗಾಳಿ ಒಂದು ಕಡೆ ರಭಸದಿಂದ ಮೇಲೇರುತ್ತಿದೆ, ಪಕ್ಕದಲ್ಲೇ ಅಷ್ಟೇ ರಭಸದಿಂದ ಬೀಳುತ್ತಿದೆ, ನಡುವೆ ಆಲಿಕಲ್ಲು. ದೊಡ್ಡ ಜೆಟ್ ವಿಮಾನಗಳೂ ಇದನ್ನು ಬಳಸಿಕೊಂಡೇ ಹೋಗುತ್ತವೆ. ಜೋರಾದ ಗುಡುಗುಮೋಡದಿಂದ ಸುಮಾರು 37 ಕಿಲೋಮೀಟರ್ ದೂರವಿರಬೇಕು ಎಂಬುದು ಪೈಲಟ್ಟುಗಳ ಲೆಕ್ಕ. ತುಮಕೂರಿನಿಂದ ಕುಣಿಗಲ್ಲಿಗೆ ಹೆಚ್ಚು ಕಡಿಮೆ ಅಷ್ಟೇ ದೂರ. ಅಂದರೆ ಮೋಡ ಇನ್ನೂ ಅಲ್ಲೆಲ್ಲೋ ಇದೆ ಎಂದುಕೊಳ್ಳುವಷ್ಟರಲ್ಲೇ ನಾವು ಅದರ ಅಂಗಳದಲ್ಲಿದ್ದೇವೆ.

“ಮೋಡಗಳ ನಡುವೆ ಒಂದು ಕಿಂಡಿ ಕಾಣುತ್ತಿದೆ, ನುಗ್ಗಿಬಿಡೋಣ” ಎಂದು ನಿಮಗೆ ಅನ್ನಿಸಬಹುದು. ಅನ್ನಿಸುವುದು ಸಹಜ. ಎಷ್ಟೋ ಅಪಘಾತಗಳು ಶುರುವಾಗಿರುವುದು ಇಂಥ ಕಿಂಡಿಯಲ್ಲೇ. ಕಿಂಡಿ ಮುಚ್ಚಿತೆನ್ನಿ, ಸುತ್ತ ಬರೀ ಬಿಳುಪು, ನೆಲವಿಲ್ಲ, ದಿಗಂತವಿಲ್ಲ. ಆಗ ನಮಗೆ ಸುಳ್ಳು ಹೇಳುವುದು ನಮ್ಮ ಕಿವಿಯೇ. ಒಳಗಿವಿಯ ಅರ್ಧವೃತ್ತಾಕಾರದ ನಾಳಗಳಲ್ಲಿರುವ ದ್ರವ ನಮಗೆ ಸಮತೋಲ ತಿಳಿಸುತ್ತದೆ ಎಂದು ಜೀವಶಾಸ್ತ್ರದಲ್ಲಿ ಓದಿದ್ದೀರಿ. ಆದರೆ ವಿಮಾನ ಬಹಳ ನಿಧಾನವಾಗಿ ಒಂದು ಪಕ್ಕಕ್ಕೆ ವಾಲಿದರೆ ಆ ದ್ರವಕ್ಕೆ ಅದು ತಿಳಿಯುವುದೇ ಇಲ್ಲ. ನೆಟ್ಟಗಿದ್ದೇವೆ ಎಂದೇ ಮನಸ್ಸು ಹೇಳುತ್ತದೆ. ಎತ್ತರ ತೋರಿಸುವ ಮುಳ್ಳು ಇಳಿಯುತ್ತದೆ. ಗಾಬರಿಯಿಂದ ಹಿಡಿಕೆಯನ್ನು ಎಳೆದರೆ ವಿಮಾನ ಮೇಲೇರುವ ಬದಲು ಸುರುಳಿ ಇನ್ನಷ್ಟು ಬಿಗಿಯಾಗುತ್ತದೆ.

1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು ಇದರ ಮೇಲೊಂದು ಪ್ರಯೋಗದ ವರದಿ ಕೊಟ್ಟರು. ಉಪಕರಣ ನೋಡಿ ಹಾರಿಸುವುದನ್ನು ಕಲಿಯದ 20 ಮಂದಿಗೆ ಹೊರಗಿನ ನೋಟ ಕಾಣದಂತೆ ಮಾಡಿ ವಿಮಾನ ಹಾರಿಸಲು ಬಿಟ್ಟರು. ಪಕ್ಕದಲ್ಲಿ ಅನುಭವಿ ಶಿಕ್ಷಕರಿದ್ದುದರಿಂದ ಯಾರಿಗೂ ಅಪಾಯವಾಗಲಿಲ್ಲ. ಆದರೆ 20 ಮಂದಿಯೂ ಹತೋಟಿ ಕಳೆದುಕೊಂಡರು, ಸರಾಸರಿ 178 ಸೆಕೆಂಡಿನಲ್ಲಿ. ಮೂರು ನಿಮಿಷವೂ ಅಲ್ಲ! ಬಹಳ ಜನ ಇಷ್ಟನ್ನೇ ಹೇಳಿ ನಿಲ್ಲಿಸುತ್ತಾರೆ. ಆ ಪ್ರಯೋಗದ ಉದ್ದೇಶ ಬೇರೆಯೇ ಇತ್ತು. ಉಪಕರಣ ನೋಡಿಕೊಂಡು, ನಿಧಾನವಾಗಿ, ಬಂದ ದಾರಿಗೇ ತಿರುಗುವ ಒಂದೇ ಒಂದು ಕ್ರಮವನ್ನು ಅವರಿಗೆ ಕಲಿಸಿದರು. ಮತ್ತೆ ಪರೀಕ್ಷಿಸಿದಾಗ ಬಹುತೇಕ ಎಲ್ಲ ಸಲವೂ ಅವರು ಕ್ಷೇಮವಾಗಿ ಹಿಂತಿರುಗಿದರು. ಸೆಕೆಂಡಿಗೆ ಮೂರು ಡಿಗ್ರಿಯಂತೆ ತಿರುಗಿದರೆ 180 ಡಿಗ್ರಿಗೆ ಎಷ್ಟು ಹೊತ್ತು? ಲೆಕ್ಕ ಹಾಕಿ: ಒಂದೇ ನಿಮಿಷ.

ಹಿಂದಿನವರ ಧೈರ್ಯ ದೊಡ್ಡದು, ಅದನ್ನು ಒಪ್ಪಲೇಬೇಕು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಪುಸ್ ಮಾತ್ ಎಂಬ ಒಂಟಿ ಎಂಜಿನ್ನಿನ ವಿಮಾನದಲ್ಲಿ ಕರಾಚಿಯಿಂದ ಮುಂಬಯಿಗೆ ಅಂಚೆ ತಂದರು. ಅಲ್ಲಿಂದ ನೆವಿಲ್ ವಿನ್ಸೆಂಟ್ ಅದನ್ನು ನಮ್ಮ ಬಳ್ಳಾರಿಯ ಮೂಲಕ ಮದರಾಸಿಗೆ ಒಯ್ದರು. ರೇಡಿಯೋ ಇಲ್ಲ, ಮುಂದಿನ ಊರಿನ ಹವೆಯನ್ನು ದಾರಿಯಲ್ಲಿ ತಿಳಿಸುವವರಿಲ್ಲ. ಆದರೂ ಮಳೆಗಾಲದಲ್ಲಿ ಮುಂಬಯಿಯ ಜುಹು ನಿಲ್ದಾಣ ಕೆಸರಾದಾಗ ಹಟ ಹಿಡಿಯದೆ, ವಿಮಾನಗಳ ನೆಲೆಯನ್ನೇ ಪುಣೆಗೆ ಸಾಗಿಸಿಕೊಂಡರು.

ಸರಿ, ನಾವಿನ್ನೂ ಗುಬ್ಬಿಯ ಹತ್ತಿರವೇ ಇದ್ದೇವೆ, ಕುಣಿಗಲ್ ಕಡೆ ಮಿಂಚುತ್ತಿದೆ. ರೇಡಿಯೋದಲ್ಲಿ ಜಕ್ಕೂರಿಗೆ ತಿಳಿಸಿ, ಎಡಕ್ಕೆ ಮೋಡವನ್ನು ಬಿಟ್ಟು ಬಲಕ್ಕೆ ಹೊರಳಿ, ಬಂದ ದಾರಿಗಿಂತ ಇನ್ನೂ ಉತ್ತರಕ್ಕೆ ಸರಿದು ದೇವರಾಯನದುರ್ಗದ ಆಚೆಗಿನಿಂದ ಹಿಂತಿರುಗುತ್ತೇವೆ. ಐದಾರು ನಿಮಿಷ ಹೆಚ್ಚಾಗುತ್ತದೆ, ಅಷ್ಟಕ್ಕಾಗುವಷ್ಟು ಪೆಟ್ರೋಲು ಮೊದಲೇ ತುಂಬಿಸಿದ್ದೇವೆ. ಕುದುರೆಗಳನ್ನು ನೋಡಲಾಗಲಿಲ್ಲ, ನಿಜ.

ಜಕ್ಕೂರಿನಲ್ಲಿ ಇಳಿದು ಎಂಜಿನ್ ನಿಲ್ಲಿಸಿದಾಗ ಪಶ್ಚಿಮದ ಆಕಾಶ ಕಪ್ಪಾಗಿದೆ. ಮಳೆಗೆ ಮುಂಚೆ ಬರುವ ತಣ್ಣನೆ ಗಾಳಿ ಧೂಳೆಬ್ಬಿಸುತ್ತಿದೆ. ವಿಮಾನದ ಎರಡು ರೆಕ್ಕೆಗಳಿಗೂ ಬಾಲಕ್ಕೂ ಹಗ್ಗ ಹಾಕಿ ನೆಲದ ಗೂಟಕ್ಕೆ ಬಿಗಿಯಬೇಕು, ಬನ್ನಿ, ಒಂದು ಕೈ ಹಾಕಿ.