ಮದ್ದು ಮಜ್ಜೆಯನ್ನು ಮುಟ್ಟುವ ದಾರಿ



ಶತಮಾನೋತ್ಸವದ ಈ ಉಪನ್ಯಾಸಕ್ಕೆ ನಾವು ಆಯ್ದುಕೊಂಡಿರುವ ವಿಷಯ, ಔಷಧವನ್ನು ದೇಹದಲ್ಲಿ ಬೇಕಾದ ಸ್ಥಳಕ್ಕಷ್ಟೇ ತಲುಪಿಸುವ ವಿದ್ಯೆ. ಇದಕ್ಕೆ ದೂರದ ನಿದರ್ಶನ ಬೇಕಿಲ್ಲ. ನಮ್ಮ ಕಬಿನಿ ಹುಟ್ಟುವ ವಯನಾಡಿನ ಒಂದು ವ್ಯಾಧಿಯನ್ನೇ ಪರಿಶೀಲಿಸೋಣ.

2011ರ ಜನಗಣತಿಯಂತೆ ವಯನಾಡಿನ ಜನಸಂಖ್ಯೆಯಲ್ಲಿ ಶೇಕಡಾ 18.5ರಷ್ಟು ಆದಿವಾಸಿಗಳು, ಕೇರಳದ ಬೇರಾವ ಜಿಲ್ಲೆಯಲ್ಲಿಯೂ ಇಷ್ಟು ಪ್ರಮಾಣವಿಲ್ಲ. ಪಣಿಯರು, ಕುರಿಚ್ಯರು, ಕುರುಮರು ಮೊದಲಾದವರಲ್ಲಿ, ಹಾಗೆಯೇ ವಯನಾಡನ್ ಚೆಟ್ಟಿಗಳಲ್ಲಿ, ಸಿಕಲ್ ಸೆಲ್ ರಕ್ತಹೀನತೆ ವಂಶಪಾರಂಪರ್ಯವಾಗಿ ಇಳಿದು ಬಂದಿದೆ. ಈ ರೋಗಲಕ್ಷಣ ಭಾರತದಲ್ಲಿದೆಯೆಂದು ಲೋಕಕ್ಕೆ ತಿಳಿದದ್ದು 1952ರಲ್ಲಿ, ನೆರೆಯ ನೀಲಗಿರಿಯ ಬುಡಕಟ್ಟುಗಳನ್ನು ಲೆಹ್‌ಮನ್ ಮತ್ತು ಕಟ್‌ಬುಷ್ ಪರೀಕ್ಷಿಸಿದಾಗ. ವಯನಾಡಿನಲ್ಲಿ ಇದರತ್ತ ಗಮನ ಸೆಳೆದವರಲ್ಲಿ ನಾಗಪುರದಿಂದ ಬಂದು ಮುಟ್ಟಿಲಿನ ಸ್ವಾಮಿ ವಿವೇಕಾನಂದ ಮೆಡಿಕಲ್ ಮಿಷನ್ನಿನಲ್ಲಿ ನೆಲೆನಿಂತ ಡಾ. ಧನಂಜಯ ದಿವಾಕರ ಸಗದೇವ್ ಒಬ್ಬರು. 2021ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯ ಆರನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲವಿರಬೇಕಾದಲ್ಲಿ ವೇಲೀನ್ ಬಂದು ಕುಳಿತಿದೆ. ದೋಷವೆಲ್ಲ ಇಷ್ಟೇ. ಆಮ್ಲಜನಕ ಕಡಿಮೆಯಾದೊಡನೆ ಆ ಹಿಮೋಗ್ಲೋಬಿನ್ ಕಂಬಿಗಳಂತೆ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ದುಂಡಗಿನ ರಕ್ತಕಣ ಕುಡುಗೋಲಿನಂತೆ ಬಾಗಿ ಕಿರುನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಮೂಳೆಯೊಳಗೆ ಏಳುವ ಆ ನೋವು ಅಸಹನೀಯವಾದದ್ದು. ತಂದೆತಾಯಿಗಳಲ್ಲಿ ಒಬ್ಬರಿಂದ ಮಾತ್ರ ದೋಷ ಬಂದಿದ್ದರೆ ರೋಗವಿಲ್ಲ, ಬದಲಿಗೆ ತೀವ್ರ ಮಲೇರಿಯಾದಿಂದ ರಕ್ಷಣೆಯುಂಟು. ಚಳಿಜ್ವರಕ್ಕೆ ಹೆಸರಾಗಿದ್ದ ಆ ಕಾಡುಗಳಲ್ಲಿ ಈ ಗುಣ ಉಳಿದು ಬಂದದ್ದು ಆಶ್ಚರ್ಯವಲ್ಲ.

ಈಗ ದೊರೆಯುವ ಮುಖ್ಯ ಔಷಧ ಹೈಡ್ರಾಕ್ಸಿಯೂರಿಯಾ. ಅದು ಗರ್ಭಸ್ಥ ಶಿಶುವಿನ ಬಗೆಯ ಹಿಮೋಗ್ಲೋಬಿನ್ನನ್ನು ಹೆಚ್ಚಿಸಿ ಕಣಗಳು ಬಾಗುವುದನ್ನು ತಗ್ಗಿಸುತ್ತದೆ. ಆದರೆ ನುಂಗಿದ ಮದ್ದು ದೇಹವನ್ನೆಲ್ಲ ಸುತ್ತುತ್ತದೆ. ಮಜ್ಜೆಯಲ್ಲಿ ಉಪಕಾರದೊಡನೆ ಬಿಳಿಯ ರಕ್ತಕಣಗಳನ್ನೂ ಕುಗ್ಗಿಸುತ್ತದೆ. ಆದುದರಿಂದ ಆಗಾಗ ರಕ್ತಪರೀಕ್ಷೆ ಅನಿವಾರ್ಯ. ಕಾಫಿತೋಟದ ದಿನಗೂಲಿಯವನಿಗೆ ಪ್ರತಿ ಪರೀಕ್ಷೆಯೂ ಒಂದು ದಿನದ ಕೂಲಿ.

ರೋಗವನ್ನಷ್ಟೇ ಅರಸಿ ಹೊಡೆಯುವ 'ಮಾಯಾಗುಂಡಿನ' ಕಲ್ಪನೆ ಜರ್ಮನಿಯ ಪಾಲ್ ಎರ್ಲಿಖ್‌ನದು. 1960ರ ದಶಕದಲ್ಲಿ ಇಂಗ್ಲೆಂಡಿನ ಅಲೆಕ್ ಬ್ಯಾಂಗಮ್ ಕೊಬ್ಬಿನ ಸೂಕ್ಷ್ಮ ಗುಳ್ಳೆಗಳನ್ನು, ಅಂದರೆ ಲಿಪೋಸೋಮ್‌ಗಳನ್ನು, ವಿವರಿಸಿದನು. 1995ರಲ್ಲಿ ಡಾಕ್ಸೋರೂಬಿಸಿನ್ ಎಂಬ ಕ್ಯಾನ್ಸರ್ ಔಷಧ ಇಂತಹ ಗುಳ್ಳೆಯೊಳಗೆ ಸೇರಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಹೃದಯಕ್ಕೆ ಆಗುತ್ತಿದ್ದ ಅಪಾಯ ತಗ್ಗಿತು. ಇಂದಿನ ಕೊಬ್ಬಿನ ನ್ಯಾನೋಕಣಗಳು ಇದೇ ವಂಶದವು. ಆದರೆ ರಕ್ತಕ್ಕೆ ಇಳಿದೊಡನೆ ಅಪೋಲಿಪೋಪ್ರೋಟೀನ್-ಇ ಅವುಗಳಿಗೆ ಮೆತ್ತಿಕೊಳ್ಳುತ್ತದೆ, ಯಕೃತ್ತು ಅವನ್ನು ತನ್ನವೆಂದೇ ಒಳಗೆ ಸೆಳೆದುಕೊಳ್ಳುತ್ತದೆ. ವಿಳಾಸವಿಲ್ಲದ ಅಂಚೆಯೆಲ್ಲ ಒಂದೇ ಕಚೇರಿಗೆ ಹೋಗಿ ಬಿದ್ದಂತೆ! ಯಕೃತ್ತಿನ ರೋಗಗಳಿಗೆ ಇದು ವರ. ಮಜ್ಜೆಯ ರೋಗಕ್ಕೆ ತಡೆ.

2023ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಕ್ಯಾಸ್‌ಜೆವಿ ಎಂಬ ಕ್ರಿಸ್ಪರ್ ಚಿಕಿತ್ಸೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಮದ್ದು ಮಜ್ಜೆಗೆ ಹೋಗಲಾರದೆಂದು ಮಜ್ಜೆಯ ಕಾಂಡಕೋಶಗಳನ್ನೇ ಮದ್ದಿನ ಬಳಿಗೆ ತಂದರು. ರೋಗಿಯಿಂದ ಅವನ್ನು ಹೊರತೆಗೆದು, ಪ್ರಯೋಗಾಲಯದಲ್ಲಿ ತಿದ್ದಿ, ಬುಸಲ್ಫಾನ್ ಎಂಬ ಉಗ್ರ ಔಷಧದಿಂದ ಹಳೆಯ ಮಜ್ಜೆಯನ್ನು ಬರಿದು ಮಾಡಿ, ಮರಳಿ ಸೇರಿಸುತ್ತಾರೆ. ವಾರಗಟ್ಟಲೆ ಆಸ್ಪತ್ರೆವಾಸ, ಸಂತಾನಶಕ್ತಿ ನಷ್ಟವಾಗುವ ಭಯ, 22 ಲಕ್ಷ ಡಾಲರ್ ಬೆಲೆ. ವಿಜ್ಞಾನದ ದೃಷ್ಟಿಯಿಂದ ಇದು ಮಹಾಸಾಧನೆಯೆಂಬುದರಲ್ಲಿ ಸಂಶಯವಿಲ್ಲ. ಮಾನಂತವಾಡಿಯ ಹಾಡಿಗೆ ಇದು ತಲುಪುವುದೆಂದು ಮಾತ್ರ ನಾವು ಹೇಳಲಾರೆವು.

ಅದೇ ವರ್ಷ ಅಮೆರಿಕದ ಫಿಲಡೆಲ್ಫಿಯದ ವಿಜ್ಞಾನಿಗಳು ನ್ಯಾನೋಕಣಗಳಿಗೆ ಒಂದು ಪ್ರತಿಕಾಯವನ್ನು ಅಂಟಿಸಿದರು. ರಕ್ತ ಹುಟ್ಟಿಸುವ ಕಾಂಡಕೋಶಗಳ ಮೇಲಿನ ಸಿಡಿ117 ಎಂಬ ಗುರುತನ್ನು ಅದು ಹಿಡಿಯುತ್ತದೆ. ಒಂದು ಚುಚ್ಚುಮದ್ದಿನಿಂದ ಇಲಿಗಳ ಮಜ್ಜೆಗೆ ಸಂದೇಶ ಮುಟ್ಟಿತು. ರೋಗಿಗಳ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ತಿದ್ದುವುದೂ ಸಾಧ್ಯವಾಯಿತು. ಇಲಿಯಿಂದ ಮನುಷ್ಯನವರೆಗಿನ ದಾರಿ ದೀರ್ಘವಾದದ್ದು. ಆದರೂ ಬಡವರ ಪಾಲಿಗೆ ಭರವಸೆಯಿರುವುದು ಈ ದಾರಿಯಲ್ಲೇ ಎಂಬುದು ನಮ್ಮ ಅಭಿಪ್ರಾಯ, ಏಕೆಂದರೆ ಚುಚ್ಚುಮದ್ದನ್ನು ಘಟ್ಟ ಹತ್ತಿಸಬಹುದು, ಮಜ್ಜೆ ಕಸಿಮಾಡುವ ಆಸ್ಪತ್ರೆಯನ್ನು ಹತ್ತಿಸುವುದು ಕಷ್ಟ.

ಕೇಂದ್ರ ಸರ್ಕಾರವು 2023ರ ಜುಲೈಯಲ್ಲಿ ಆರಂಭಿಸಿದ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆಯನ್ನು ಗುರಿಯಾಗಿಟ್ಟುಕೊಂಡಿದೆ. ತಪಾಸಣೆಯಲ್ಲಿ ರೋಗಿಯೆಂದು ತಿಳಿದ ಮಗುವಿಗೆ ಅಂದಿನಿಂದಲೇ ಬೇಕಾದದ್ದು ಸಮೀಪದ ಆಸ್ಪತ್ರೆಯಲ್ಲಿ ತಪ್ಪದೆ ದೊರೆಯುವ ಹೈಡ್ರಾಕ್ಸಿಯೂರಿಯಾ, ಮತ್ತು ಹಾಡಿಯ ಬಾಗಿಲಿಗೇ ಬಂದು ರಕ್ತ ಪರೀಕ್ಷಿಸುವ ಒಬ್ಬ ಆರೋಗ್ಯ ಕಾರ್ಯಕರ್ತೆ.