ಬೆಳಕಿನ ವೇಗವು ಸ್ಥಿರವೇ?



ನಾವು ವಿಜ್ಞಾನಿಗಳಲ್ಲ, ಬಿ.ಕಾಂ. ಓದಿ, ಈ ಮುಂಬಯಿಯ ಬ್ಯಾಂಕೊಂದರಲ್ಲಿ ಲೆಕ್ಕ ಬರೆದು ಹೊಟ್ಟೆ ಹೊರೆಯುವವರು. ನಮಗೇಕೆ ಬೆಳಕಿನ ವೇಗದ ಗೊಡವೆ ಎಂದು ತಾವು ಕೇಳಬಹುದು. ಸಂಘದ ವಾಚನಾಲಯದಲ್ಲಿ ಭಾನುವಾರ ಸೇರುವ ನಾವು ನಾಲ್ಕಾರು ಮಂದಿಯ ನಡುವೆ ಈ ವಿಷಯವಾಗಿ ದೊಡ್ಡ ವಾದವೇ ನಡೆಯಿತು. "ಸ್ಥಿರವೆಂದು ಪುಸ್ತಕದಲ್ಲಿ ಅಚ್ಚಾಗಿದೆ, ಮುಗಿಯಿತು" ಎಂದರು ಒಬ್ಬರು. "ಅಚ್ಚಾದದ್ದೆಲ್ಲ ನಿಜವೇ?" ಎಂದರು ಇನ್ನೊಬ್ಬರು. ಕಾಫಿ ಆರಿತು, ವಾದ ಆರಲಿಲ್ಲ. ಅದರ ಜಮಾಖರ್ಚನ್ನು ಇಂದು ತಮ್ಮ ಮುಂದೆ ಒಪ್ಪಿಸುತ್ತೇವೆ.

ಮೊದಲು 'ಸ್ಥಿರ' ಎಂಬ ಮಾತಿನ ಅರ್ಥ. ಚರ್ಚ್‌ಗೇಟಿನ ಲೋಕಲ್ ಗಾಡಿ ಗಂಟೆಗೆ ೬೦ ಕಿಲೋಮೀಟರು ಓಡುತ್ತಿದೆ. ಒಳಗೆ ಒಬ್ಬರು ಗಂಟೆಗೆ ಐದರಂತೆ ಮುಂದಕ್ಕೆ ನಡೆಯುತ್ತಾರೆ. (ಬೆಳಗಿನ ಗಾಡಿಯಲ್ಲಿ ಅಷ್ಟು ಜಾಗ ಸಿಕ್ಕಿತೆಂದೇ ಇಟ್ಟುಕೊಳ್ಳೋಣ.) ಹೊರಗೆ ನಿಂತವರ ಲೆಕ್ಕದಲ್ಲಿ ಅವರ ವೇಗ ೬೫. ಬೆಳಕು ಮಾತ್ರ ಈ ಕೂಡುವ ಲೆಕ್ಕಕ್ಕೆ ಒಗ್ಗದು. ೧೮೮೭ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಮೈಕೆಲ್ಸನ್ ಮತ್ತು ಮಾರ್ಲಿ ಎಂಬವರು ಭೂಮಿ ಓಡುವ ದಿಕ್ಕಿನಲ್ಲಿಯೂ ಅದಕ್ಕೆ ಅಡ್ಡಲಾಗಿಯೂ ಬೆಳಕನ್ನು ಹಾಯಿಸಿ ನೋಡಿದರು. ನಿರೀಕ್ಷಿಸಿದ ವ್ಯತ್ಯಾಸ ಕಾಣಲಿಲ್ಲ. ೧೯೦೫ರಲ್ಲಿ ಐನ್‌ಸ್ಟೈನರು ಇದನ್ನೇ ತತ್ತ್ವವಾಗಿ ಹಿಡಿದರು: ದೀಪ ಓಡಲಿ, ನೋಡುವವನು ಓಡಲಿ, ಶೂನ್ಯದಲ್ಲಿ ಬೆಳಕಿನ ವೇಗ ಒಂದೇ. ನೀರಿನಲ್ಲಿ, ಗಾಜಿನಲ್ಲಿ ಅದು ನಿಧಾನವಾಗುವುದು ಬೇರೆ ಮಾತು.

ಆಗ ನಮ್ಮಲ್ಲಿ ಹಿರಿಯರೊಬ್ಬರು, "ಇದೇನು ಹೊಸದಪ್ಪ? ನಮ್ಮ ವಿಜಯನಗರದ ಬುಕ್ಕರಾಯನ ಕಾಲದ ಸಾಯಣಾಚಾರ್ಯರೇ ಹೇಳಿಬಿಟ್ಟಿದ್ದಾರೆ" ಎಂದರು. ಋಗ್ವೇದ ಭಾಷ್ಯದಲ್ಲಿ, ಸೂರ್ಯನ ಸ್ತುತಿಯ ಸಂದರ್ಭದಲ್ಲಿ, ಅರ್ಧ ನಿಮೇಷಕ್ಕೆ ೨೨೦೨ ಯೋಜನ ಎಂಬ ಮಾತು ಬರುವುದು ನಿಜ. "ರಾಯರೇ, ಯೋಜನವೆಂದರೆ ಎಷ್ಟು ಮೈಲಿ? ನಿಮೇಷವೆಂದರೆ ಸೆಕೆಂಡಿನಲ್ಲಿ ಎಷ್ಟು ಪಾಲು?" ಎಂದು ನಾವು ಕೇಳಿದೆವು. ಗ್ರಂಥದಿಂದ ಗ್ರಂಥಕ್ಕೆ ಈ ಮಾನಗಳು ಬೇರೆ. ಒಂದನ್ನು ಹಿಡಿದರೆ ಇಂದಿನ ಅಂಕಿಗೆ ಹತ್ತಿರ, ಇನ್ನೊಂದನ್ನು ಹಿಡಿದರೆ ದೂರ. ಉತ್ತರ ನೋಡಿಕೊಂಡು ಅಳತೆಗೋಲನ್ನು ಆರಿಸಿದರೆ ಅದು ಲೆಕ್ಕವೇ? ಹಿರಿಯರು ಮುನಿಸಿಕೊಂಡು ಎದ್ದುಹೋದರು.

ಆದರೆ ಉತ್ತರ ನೋಡಿಕೊಳ್ಳುವ ಈ ಚಾಳಿ ನಮ್ಮವರದು ಮಾತ್ರವಲ್ಲವೆಂದು ಆಮೇಲೆ ಓದುತ್ತಾ ಹೋದಂತೆ ತಿಳಿಯಿತು. ೧೯೨೬ರಲ್ಲಿ ಮೈಕೆಲ್ಸನ್ ಅಳೆದ ವೇಗ ಸೆಕೆಂಡಿಗೆ ೨,೯೯,೭೯೬ ಕಿಲೋಮೀಟರು. ಗಾಳಿ ತೆಗೆದ ಒಂದು ಮೈಲಿ ಉದ್ದದ ಕೊಳವೆಯಲ್ಲಿ ಅವರು ಆರಂಭಿಸಿದ ಕಡೆಯ ಪ್ರಯೋಗದ ಫಲ, ಅವರು ತೀರಿಕೊಂಡ ನಂತರ, ೧೯೩೫ರಲ್ಲಿ ಪ್ರಕಟವಾಯಿತು: ೨,೯೯,೭೭೪. ೧೯೪೧ರಲ್ಲಿ ಬರ್ಜ್ ಎಂಬ ವಿದ್ವಾಂಸರು ಹಲವರ ಅಳತೆಗಳನ್ನು ತೂಗಿನೋಡಿ, ೨,೯೯,೭೭೬, ಹೆಚ್ಚುಕಡಮೆ ೪ ಎಂದು ಗೊತ್ತುಮಾಡಿದರು. ಬೆಳಕಿನ ವೇಗ ವರ್ಷದಿಂದ ವರ್ಷಕ್ಕೆ ಕುಗ್ಗುತ್ತಿದೆಯೆಂದು ಗ್ಯೂರಿ ದ ಬ್ರೇ ಎಂಬವರು ೧೯೩೦ರ ದಶಕದಲ್ಲಿ 'ನೇಚರ್' ಪತ್ರಿಕೆಯಲ್ಲಿ ವಾದಿಸಿದ್ದೂ ಉಂಟು. ೧೯೫೦ರಲ್ಲಿ ಇಂಗ್ಲೆಂಡಿನ ಎಸೆನ್ ಬೇರೆಯೇ ವಿಧಾನದಿಂದ, ರೇಡಿಯೋ ಅಲೆಗಳಿಂದ, ಅಳೆದಾಗ ಬಂದದ್ದು ೨,೯೯,೭೯೨.೫! ಕುಗ್ಗಿದ್ದು ಬೆಳಕಲ್ಲ. ಹಿಂದಿನವರ ಅಂಕಿಗೆ ಹೊಂದಿದೊಡನೆ ತಪ್ಪು ಹುಡುಕುವುದನ್ನು ನಿಲ್ಲಿಸಿರಬಹುದೇ ಎಂಬ ಸಂಶಯ ವಿಜ್ಞಾನಿಗಳಿಗೇ ಬಂದಿದೆ.

ನಾವು ಅವರನ್ನು ಹೀಗಳೆಯಲಾರೆವು. ಕೆಲವು ವರ್ಷಗಳ ಹಿಂದೆ ಒಂದು ಸಂಜೆ ನಮ್ಮ ಕೌಂಟರಿನ ನಗದು ಪೈಸೆಗೆ ಪೈಸೆ ತಾಳೆಯಾಯಿತು. ನೆಮ್ಮದಿಯಿಂದ ಮನೆಗೆ ಹೋದೆವು. ಮರುದಿನ ಪಿಂಚಣಿಯ ಅಜ್ಜಿಯೊಬ್ಬರು ಬಂದು, "೫೦೦ ರೂಪಾಯಿ ಕಡಮೆ ಬಂದಿದೆಯಪ್ಪ" ಎಂದರು. "ನಗದು ತಾಳೆಯಾಗಿದೆ, ನಿಮ್ಮದೇ ತಪ್ಪು" ಎಂದುಬಿಟ್ಟೆವು. ಆಕೆ ಮರುಮಾತಾಡದೆ ಬಾಗಿಲ ಬಳಿ ಕುಳಿತರು. ಮನಸ್ಸು ತಡೆಯದೆ ಕ್ಯಾಮರಾದ ಚಿತ್ರ ನೋಡಿಸಿದರೆ, ಆಕೆಗೆ ೫೦೦ ಕಡಮೆ ಕೊಟ್ಟಿದ್ದೆವು, ಇನ್ನೊಬ್ಬರಿಗೆ ೫೦೦ ಹೆಚ್ಚು! ಎರಡು ತಪ್ಪು ಸೇರಿ ಒಂದು ತಾಳೆ. ಹತ್ತು ರೂಪಾಯಿ ವ್ಯತ್ಯಾಸ ಬಂದಿದ್ದರೆ ರಾತ್ರಿಯೆಲ್ಲ ಹುಡುಕುತ್ತಿದ್ದೆವು. ಹಣವನ್ನು ಕೊಟ್ಟು ಕೈಮುಗಿದೆವು. ಆಡಿದ ಮಾತನ್ನು ಹಿಂತೆಗೆದುಕೊಳ್ಳುವ ಖಾತೆ ಎಲ್ಲಿದೆ?

ಇನ್ನು ಇಂದಿನ ಸ್ಥಿತಿ. ೧೯೮೩ರಲ್ಲಿ ಮೀಟರಿಗೇ ಹೊಸ ವ್ಯಾಖ್ಯೆ ಬಂತು: ಶೂನ್ಯದಲ್ಲಿ ಬೆಳಕು ಒಂದು ಸೆಕೆಂಡಿನ ೨೯,೯೭,೯೨,೪೫೮ನೆಯ ಒಂದು ಪಾಲಿನಲ್ಲಿ ಕ್ರಮಿಸುವ ದೂರವೇ ಒಂದು ಮೀಟರು. ಬೆಳಕಿನಿಂದಲೇ ಕೋಲು ಮಾಡಿ ಬೆಳಕನ್ನು ಅಳೆದರೆ ಅಂಕಿ ಹೇಗೆ ಬದಲಾದೀತು? ವಾದ ಮುಗಿಯಿತಲ್ಲ ಎಂದರೆ, ಇಲ್ಲ. ಬೆಳಕಿಗೆ ಬೆಳಕನ್ನೇ ಹೋಲಿಸಿ ನೋಡಬಹುದು. ೨೦೦೯ರ ಮೇ ೧೦ರಂದು ಫರ್ಮಿ ಉಪಗ್ರಹವು ದೂರದ ಸ್ಫೋಟವೊಂದರ ಕಿರಣಗಳನ್ನು ಹಿಡಿಯಿತು. ಅವು ಏಳುನೂರು ಕೋಟಿ ವರ್ಷಕ್ಕೂ ಮೀರಿ ಪ್ರಯಾಣ ಮಾಡಿದ್ದವು. ಆದರೂ ಅತ್ಯಂತ ಹೆಚ್ಚು ಶಕ್ತಿಯ ಕಿರಣವು, ಕಡಮೆ ಶಕ್ತಿಯವು ಬಂದು ಒಂದು ಸೆಕೆಂಡು ತುಂಬುವುದರೊಳಗೆ ತಲುಪಿತ್ತು. ಅಷ್ಟು ದೂರದ ಓಟದಲ್ಲಿಯೂ ಒಂದು ಇನ್ನೊಂದನ್ನು ಹಿಂದೆ ಹಾಕಿರಲಿಲ್ಲ.

ಆದ್ದರಿಂದ ನಮ್ಮ ತೀರ್ಮಾನವಿಷ್ಟು: ಬೆಳಕಿನ ವೇಗ ಸ್ಥಿರವೆಂದು ನಂಬಲು ಬಲವಾದ ಆಧಾರಗಳಿವೆ. ಆದರೆ ಆ ಬಲ ಪುಸ್ತಕದ ಅಚ್ಚಿನಿಂದ ಬಂದದ್ದಲ್ಲ. ತಾಳೆಯಾದ ಮೇಲೂ ಮತ್ತೆ ಎಣಿಸಿದವರಿಂದ ಬಂದದ್ದು. ಅವರ ಎಣಿಕೆ ಇನ್ನೂ ನಿಂತಿಲ್ಲ.

ಮುನಿಸಿಕೊಂಡ ಹಿರಿಯರು ಮುಂದಿನ ಭಾನುವಾರ ಬಂದರು. ಕೈಯಲ್ಲಿ ಒಂದು ಚೀಟಿ. ಅದರ ತುಂಬ ಬೇರೆಬೇರೆ ಗ್ರಂಥಗಳ ಯೋಜನದ ಮಾನಗಳು. "ತಾಳೆ ಬೀಳುವುದಿಲ್ಲವಪ್ಪ, ನೀವೂ ಒಮ್ಮೆ ನೋಡಿ" ಎಂದು ಚೀಟಿಯನ್ನು ಮುಂದೆ ಚಾಚಿದರು. ಅವರಿಗೆ ಎದ್ದುನಿಂತು ಕುರ್ಚಿ ಬಿಟ್ಟುಕೊಟ್ಟೆವು.